ಬೆಲ್ಲ ಬೆರೆಸಿದ ಸಿಮೆಂಟು

ಆ ಈಜುಕೊಳದ ತಳಕ್ಕೆ ಬಳಿದಿದ್ದ ಬಣ್ಣ ತಿಳಿನೀಲಿಯೋ ಹಸಿರೋ ಎಂದು ನೀವು ಕೇಳಿದರೆ ನಾನು ತಡವರಿಸುತ್ತೇನೆ. ನನ್ನ ನೆನಪಿನಲ್ಲಿ ಅದು ನೀಲಿ. ಆದರೆ ನೆನಪಿನಲ್ಲಿ ಎಲ್ಲ ಈಜುಕೊಳಗಳೂ ನೀಲಿಯೇ ಆಗಿಬಿಡುತ್ತವಲ್ಲ. ಮೇಸ್ತ್ರಿ ಬಂದದ್ದು ಯುಗಾದಿಗೆ ಮುಂಚೆಯೋ ಆಮೇಲೋ, ಚಿಕ್ಕಮ್ಮ ನಕ್ಕು ಮಾತಾಡಿದಳೋ ಸುಮ್ಮನೆ ಮಾತಾಡಿದಳೋ, ಇವೆಲ್ಲ ಸಂದೇಹವೇ. ನಾನು ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು. ವಿದ್ಯಾರ್ಥಿಗಳು ಏನೇ ಬರೆದರೂ ಪಕ್ಕದಲ್ಲಿ ‘ಆಧಾರ ಎಲ್ಲಿ?’ ಎಂದು ಕೆಂಪು ಶಾಯಿಯಲ್ಲಿ ಗೀಚಿ ಸಂಬಳ ಪಡೆಯುತ್ತೇನೆ. ಹೈಸ್ಕೂಲಿನಿಂದ ದಿನಚರಿ ಬರೆಯುವ ಚಟವೂ ಇದೆ. ಆಧಾರಕ್ಕೆಂದು ಅದನ್ನು ತೆರೆದು ನೋಡಿದರೆ, ಆ ದಿನದ್ದೇ ಇರಬೇಕೆಂದು ನಾನು ಊಹಿಸುವ ಪುಟದಲ್ಲಿ ‘ಸೀಕರಣೆ ಚೆನ್ನಾಗಿತ್ತು. ತಲೆನೋವು’ ಎಂದಷ್ಟೇ ಇದೆ. ನನ್ನ ಬದುಕಿನ ಮುಖ್ಯ ಸಂಗತಿಗಳು ನಡೆಯುವಾಗೆಲ್ಲ ನಾನು ಸೀಕರಣೆ ತಿನ್ನುತ್ತಿದ್ದೆ ಎಂದು ಕಾಣುತ್ತದೆ.

ಇಷ್ಟು ವರ್ಷ ಸುಮ್ಮನಿದ್ದ ಈ ವಿಷಯ ಎದ್ದು ಕೂತದ್ದು ನಮ್ಮ ಸ್ಟಾಫ್ ರೂಮಿನಲ್ಲಿ. ರಸಾಯನಶಾಸ್ತ್ರದ ಪ್ರಭಾಕರ್ ಮನೆ ಕಟ್ಟಿಸುತ್ತಿದ್ದಾರೆ. ಮನೆ ಕಟ್ಟಿಸುವವರ ಹತ್ತಿರ ಬೇರೆ ಮಾತು ಇರುವುದಿಲ್ಲ. ನಾವು ಚಹಾ ಕುಡಿಯುವ ಹೊತ್ತಿಗೆ ಸರಿಯಾಗಿ ಅವರ ಮನೆಯ ಲಿಂಟಲ್ಲು, ಸಜ್ಜ, ಸಂಪು ಎಲ್ಲವೂ ಮೇಜಿನ ಮೇಲೆ ಬಂದು ನಿಲ್ಲುತ್ತವೆ. ಮೊನ್ನೆ ಕೆಲಸದವರು ಸಕ್ಕರೆ ಪೊಟ್ಟಣ ತಂದು ಕಲಸಿದ ಸಿಮೆಂಟಿನ ಪಕ್ಕದಲ್ಲೇ ಇಟ್ಟಿದ್ದರಂತೆ. ಇವರಿಗೆ ಜೀವ ಹಾರಿಹೋಯಿತಂತೆ.

“ಒಂದು ಹಿಡಿ ಬಿದ್ರೆ ಸಾಕು ಮೇಡಂ, ಸಿಮೆಂಟು ಕಚ್ಚೋದೇ ಇಲ್ಲ. ದಿನಗಟ್ಲೆ ಹಾಗೇ ಕೆಸರಾಗಿ ಕೂತಿರುತ್ತೆ.”

“ಬೆಲ್ಲ ಬಿದ್ದರೆ?” ಎಂದೆ.

“ಬೆಲ್ಲ ಅಂದ್ರೇನು, ಸಕ್ಕರೆಯ ಅಣ್ಣ.”

“ಹಳೇ ಕಾಲದಲ್ಲಿ ಗಾರೆಗೆ ಬೆಲ್ಲ ಹಾಕ್ತಿದ್ರಲ್ಲ?”

“ಅದು ಸುಣ್ಣದ ಗಾರೆ ಮೇಡಂ. ಸುಣ್ಣಕ್ಕೂ ಬೆಲ್ಲಕ್ಕೂ ಆಗಿಬರುತ್ತೆ. ಸಿಮೆಂಟಿಗೆ ಆಗಲ್ಲ. ಯಾಕೆ, ನೀವೂ ಮನೆ ಕಟ್ಟಿಸ್ತೀರಾ?”

ಇಲ್ಲ ಎಂದೆ. ನನ್ನ ಲೋಟದ ಚಹಾ ಆರಿ ತಣ್ಣಗಾಗಿತ್ತು.

ಅಮ್ಮ ತೀರಿಕೊಂಡ ಮೇಲೆ, ಅಂದರೆ ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟಿತೆಂದರೆ ನಾನು ಭದ್ರಾವತಿಯ ಬಸ್ಸು ಹತ್ತುತ್ತಿದ್ದೆ. ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿ ನಮ್ಮದು ಅಪ್ಪ, ನಾನು, ಒಂದು ಗೋಡೆ ಗಡಿಯಾರ. ಅಪ್ಪ ಕೋರ್ಟಿನಲ್ಲಿ ಟೈಪಿಸ್ಟ್. ಹಗಲೆಲ್ಲ ಪರರ ಮಾತನ್ನು ಟೈಪು ಮಾಡಿ ಮನೆಗೆ ಬರುವಷ್ಟರಲ್ಲಿ ಅವರ ಪಾಲಿನ ಮಾತು ಮುಗಿದಿರುತ್ತಿತ್ತು. ‘ಊಟ ಆಯ್ತಾ?’ ‘ಆಯ್ತು.’ ‘ಬಾಗಿಲು ಹಾಕಿದೀಯಾ?’ ‘ಹಾಕಿದೀನಿ.’ ವಾರವಿಡೀ ಇಷ್ಟೇ. ಭದ್ರಾವತಿಯಲ್ಲಿ ಅಮ್ಮನ ತಂಗಿ ಸರೋಜ ಚಿಕ್ಕಮ್ಮ ಇದ್ದಳು. ಅವಳಿಗೆ ಅಮ್ಮನದೇ ದನಿ. ಅಡುಗೆಮನೆಯಿಂದ ಅವಳು “ವಿಜೀ, ತಟ್ಟೆ ಹಾಕೇ” ಎಂದು ಕೂಗಿದರೆ ನಾನು ಕೂಡಲೇ ಏಳುತ್ತಿರಲಿಲ್ಲ. ಇನ್ನೊಂದು ಸಲ ಕೂಗಲಿ ಎಂದು ಕಾಯುತ್ತಿದ್ದೆ. ಸೋಮಾರಿ ಎಂದು ಬೈಸಿಕೊಂಡದ್ದಕ್ಕೆ ನನಗೇನೂ ಬೇಸರವಿಲ್ಲ.

ಚಿಕ್ಕಪ್ಪ ನ್ಯೂಟೌನ್ ಕಡೆಯ ಒಂದು ಸಣ್ಣ ಕ್ಲಬ್ಬಿನಲ್ಲಿ ಈಜು ಕಲಿಸುತ್ತಿದ್ದರು. ಊರಿಗೆಲ್ಲ ಅವರು ‘ಈಜು ಮಾಸ್ಟ್ರು’. ಕ್ಲಬ್ಬಿನ ಹಿಂದೆಯೇ, ಪಂಪ್ ಮನೆಗೆ ಅಂಟಿಕೊಂಡಂತೆ, ಅವರಿಗೆ ಎರಡು ಕೋಣೆಯ ಮನೆ ಕೊಟ್ಟಿದ್ದರು. ಮಕ್ಕಳಿರಲಿಲ್ಲ. ಬೆಳಿಗ್ಗೆ ಸಂಜೆ ಊರ ಮಕ್ಕಳ ಕಿರುಚಾಟ ಮಾತ್ರ ಕಿಟಕಿಯಿಂದ ಒಳಗೆ ಬರುತ್ತಿತ್ತು. ಅದರ ಜೊತೆಗೆ ಬ್ಲೀಚಿಂಗ್ ಪೌಡರಿನ ವಾಸನೆ. “ನಮ್ಮನೆ ಸಾರಿಗೆ ಇಂಗು ಬೇಡ ಕಣೇ, ಇದೇ ಸಾಕು” ಎನ್ನುತ್ತಿದ್ದಳು ಚಿಕ್ಕಮ್ಮ. ಅವಳು ಬಿ.ಎಸ್ಸಿ. ಓದಿದವಳು. ದಿನಾ ಬೆಳಿಗ್ಗೆ ಒಂದು ಗಾಜಿನ ನಳಿಗೆಯಲ್ಲಿ ಕೊಳದ ನೀರು ತುಂಬಿ, ಅದಕ್ಕೆ ಯಾವುದೋ ದ್ರವದ ಹನಿ ಬಿಟ್ಟು, ಎಷ್ಟು ಹಳದಿಯಾಯಿತೆಂದು ಬೆಳಕಿಗೆ ಹಿಡಿದು ನೋಡಿ, “ಇವತ್ತು ಪೌಡರ್ ಸ್ವಲ್ಪ ಕಮ್ಮಿ ಹಾಕಿ” ಎಂದು ಚಿಕ್ಕಪ್ಪನಿಗೆ ಹೇಳುತ್ತಿದ್ದಳು. ಅವಳ ರಸಾಯನಶಾಸ್ತ್ರಕ್ಕೆ ಆ ಊರಲ್ಲಿ ಸಿಕ್ಕಿದ ಕೆಲಸ ಅದೊಂದೇ. ನೀರಿಗೆ ಮಾತ್ರ ಅವಳು ಕಾಲಿನ ಹೆಬ್ಬೆರಳನ್ನೂ ಅದ್ದಿದವಳಲ್ಲ.

ನಾನು ಇಳಿದೆ. ಸಂಜೆ ಹೆಂಗಸರಿಗೆಂದು ಬಿಟ್ಟ ಒಂದು ಗಂಟೆಯಲ್ಲಿ, ಹಳೆಯ ಚೂಡಿದಾರ ತೊಟ್ಟು, ಅಂಚಿನ ಕಂಬಿ ಹಿಡಿದುಕೊಂಡು, ಕಾಲು ಬಡಿಯುತ್ತ. ಚೂಡಿದಾರದೊಳಗೆ ಗಾಳಿ ತುಂಬಿಕೊಂಡು ನಾನು ಪೂರಿಯಂತೆ ಉಬ್ಬುತ್ತಿದ್ದೆ, ಆದರೂ ಮುಳುಗುತ್ತಿದ್ದೆ. “ಮರದ ದಿಮ್ಮಿ ತೇಲುತ್ತೆ, ಎಮ್ಮೆ ತೇಲುತ್ತೆ, ನೀನೊಬ್ಳು ಹ್ಯಾಗೆ ಮುಳುಗ್ತೀಯ ಮಾರಾಯ್ತಿ?” ಎಂದು ಚಿಕ್ಕಪ್ಪ ಕೇಳುತ್ತಿದ್ದರು. ಓಲ್ಡ್ ಟೌನಿನಲ್ಲಿ ಹುಟ್ಟಿ ಭದ್ರಾ ಹೊಳೆಯಲ್ಲಿ ಈಜು ಕಲಿತವರು ಅವರು. ಮುಳುಗುವುದೆಂದರೇನು ಎಂದು ಅವರಿಗೆ ನಿಜಕ್ಕೂ ಅರ್ಥವಾಗುತ್ತಿರಲಿಲ್ಲ. ಎರಡು ಬೇಸಿಗೆ ಕಳೆದ ಮೇಲೆ ಒಂದು ಸಂಜೆ, ಯಾಕೆಂದು ಗೊತ್ತಿಲ್ಲ, ಬೆನ್ನ ಮೇಲೆ ಮಲಗಿದವಳು ಮುಳುಗದೆ ಉಳಿದೆ. ಕಿವಿಯೊಳಗೆ ನೀರು, ಮೇಲೆ ಆಕಾಶ, ಯಾರ ಮಾತೂ ಕೇಳಿಸದು. ಹೊಸಮನೆಯ ಮೌನವೂ ಇದೂ ಬೇರೆ ಬೇರೆ ಎಂದು ನನಗೆ ಆಗ ಗೊತ್ತಾಯಿತು.

ಕೊಳದ ನೀರು ಇಳಿಯತೊಡಗಿದ್ದು ಅದರ ಮುಂದಿನ ಬೇಸಿಗೆಯ ಮೊದಲಲ್ಲಿ. ರಾತ್ರಿ ತುಂಬಿಸಿದರೆ ಬೆಳಿಗ್ಗೆ ಒಂದು ಗೇಣು ಕಡಿಮೆ. “ಬಿಸಿಲು ಕುಡೀತಿದೆ” ಎಂದರು ಚಿಕ್ಕಪ್ಪ. ಕ್ಲಬ್ಬಿನ ಸೆಕ್ರೆಟರಿ ಬಸವರಾಜಪ್ಪನವರು ಸೊಂಟಕ್ಕೆ ಕೈಯಿಟ್ಟು ನೋಡಿ, “ಬಿಸಿಲು ಇಷ್ಟು ಕುಡಿಯೋ ಹಾಗಿದ್ರೆ ಭದ್ರಾ ಡ್ಯಾಮೇ ಖಾಲಿ ಆಗ್ಬೇಕಿತ್ತು ಮಾಸ್ಟ್ರೇ” ಎಂದರು. ಆಮೇಲೆ ನಗದೆ ಹೇಳಿದರು: “ಈ ಸಲ ಬಿರುಕು ಮುಚ್ಚಿ. ನೀರು ನಿಂತ್ರೆ ಸರಿ. ನಿಲ್ದಿದ್ರೆ ಮಣ್ಣು ತುಂಬಿಸಿ ಶಟಲ್ ಕೋರ್ಟ್ ಮಾಡೋಣ ಅಂತ ಕಮಿಟೀಲಿ ಎಲ್ಲರೂ ಹೇಳ್ತಿದಾರೆ.”

ಶಟಲ್ ಕೋರ್ಟಿಗೆ ಈಜು ಮಾಸ್ಟ್ರು ಬೇಕಾಗುವುದಿಲ್ಲ. ಅಲ್ಲಿಗೆ ಮನೆಯೂ ಹೋಯಿತು.

ಅವತ್ತು ಊಟದ ಮೇಲೆ ಚಿಕ್ಕಪ್ಪ ಚಿಕ್ಕಮ್ಮ ಮಾತಾಡಿದ್ದು ನನಗೆ ಕೇಳಿಸಿತು. ಎರಡು ಕೋಣೆಯ ಮನೆಯಲ್ಲಿ ಕೇಳಿಸದಿರಲು ಕಿವುಡಾಗಿರಬೇಕು. ಮೈಸೂರಿನ ಮಾವ, ಅಂದರೆ ಚಿಕ್ಕಮ್ಮನ ಅಣ್ಣ, ಅಲ್ಲಿಗೇ ಬಂದುಬಿಡಿ ಎಂದು ಎರಡು ವರ್ಷದಿಂದ ಹೇಳಿಕಳಿಸುತ್ತಿದ್ದ. ಅವನ ಪರಿಚಯದ ಶಾಲೆಯೊಂದರಲ್ಲಿ ಚಿಕ್ಕಮ್ಮನಿಗೆ ಲ್ಯಾಬಿನ ಕೆಲಸವಿತ್ತು. ಚಿಕ್ಕಪ್ಪನಿಗೆ ಅವನದೇ ದಿನಸಿ ಅಂಗಡಿ.

“ಅಲ್ಲಿ ನಾನೇನು ಮಾಡ್ಲಿ, ಪೊಟ್ಟಣ ಕಟ್ಲಾ?” ಎಂದರು ಚಿಕ್ಕಪ್ಪ.

“ಇಲ್ಲಿ ನಾನೇನು ಮಾಡ್ತಿದೀನಿ ಅಂತ ಯಾವತ್ತಾದ್ರೂ ಕೇಳಿದೀರಾ?”

“ಕೊಳ ಉಳಿದ್ರೆ ಇರೋಣ. ಹೋದ್ರೆ ನೀನು ಹೇಳಿದ ಕಡೆ ಬರ್ತೀನಿ. ಆಯ್ತಾ?”

“ಆಯ್ತು ಬಿಡಿ” ಎಂದಳು ಚಿಕ್ಕಮ್ಮ. ಪಾತ್ರೆ ತೊಳೆಯುವ ಸದ್ದು ಶುರುವಾಯಿತು. ನಾನು ಚಾಪೆಯ ಮೇಲೆ ಕಣ್ಣು ಮುಚ್ಚಿ, ಕೊಳ ಉಳಿಯಲಿ ಎಂದು ಗೊತ್ತಿರುವ ದೇವರಿಗೆಲ್ಲ ಹೇಳಿಕೊಂಡೆ. ನನ್ನನ್ನು ಯಾರೂ ಕೇಳಿರಲಿಲ್ಲ. ಕೇಳುವ ಪ್ರಶ್ನೆಯೂ ಅಲ್ಲ ಅದು.

ನೀರು ಎಲ್ಲಿ ಸೋರುತ್ತಿದೆ ಎಂದು ಹುಡುಕುವುದಕ್ಕೆ ಚಿಕ್ಕಪ್ಪ ಒಂದು ಉಪಾಯ ಮಾಡಿದರು. ಪೆನ್ನಿಗೆ ಶಾಯಿ ತುಂಬುವ ಫಿಲ್ಲರಿನಲ್ಲಿ ನೀಲಿ ಶಾಯಿ ಹಿಡಿದು, ಗೋಡೆಯ ಗೆರೆಯೊಂದರ ಪಕ್ಕ ನೀರಿನೊಳಗೆ ಮೆಲ್ಲಗೆ ಒಂದು ಹನಿ ಬಿಡುವುದು. ಸೋರದ ಗೆರೆಯಾದರೆ ಶಾಯಿ ಹೊಗೆಯಂತೆ ಅಲ್ಲೇ ಹರಡಿಕೊಳ್ಳುತ್ತದೆ. ಸೋರುವ ಬಿರುಕಾದರೆ ದಾರದಂತೆ ಸಣ್ಣಗಾಗಿ ಸರಕ್ಕನೆ ಒಳಗೆ ಹೋಗಿಬಿಡುತ್ತದೆ. ನೀರು ಅಲುಗಬಾರದು. ಎದೆಮಟ್ಟದ ನೀರಿನಲ್ಲಿ ನಾನು ಫಿಲ್ಲರ್ ಹಿಡಿದು ನಿಂತೆ. “ಉಸಿರು ಬಿಡ್ಬೇಡ ಮಾರಾಯ್ತಿ” ಎಂದರು ಚಿಕ್ಕಪ್ಪ, ಅವರೂ ಉಸಿರು ಹಿಡಿದು. ನೀಲಿ ದಾರ ಗೋಡೆಯೊಳಗೆ ಹೋಗುವುದನ್ನು ನೋಡಿ ನಾನು ಖುಷಿಯಿಂದ ಚಪ್ಪಾಳೆ ತಟ್ಟಿದೆ. ಅವರು ತಟ್ಟಲಿಲ್ಲ. ಒಂದಲ್ಲ, ಆಳದ ಕಡೆಯ ಗೋಡೆಯುದ್ದಕ್ಕೂ ಹಾಗೆ ಕುಡಿಯುವ ಬಿರುಕುಗಳಿದ್ದವು.

ಆಮೇಲೆ ಕೊಳ ಖಾಲಿ ಮಾಡಿದರು. ಬೇಸಿಗೆ ರಜೆ ಶುರುವಾಗಿ ನಾನು ಅಲ್ಲೇ ಉಳಿದಿದ್ದೆ. ಖಾಲಿ ಈಜುಕೊಳದ ತಳದಲ್ಲಿ ನೀವು ಎಂದಾದರೂ ನಿಂತಿದ್ದೀರಾ? ನನ್ನ ಕಾಲು ಎಂದೂ ಮುಟ್ಟದಿದ್ದ ಆಳದ ತುದಿಯಲ್ಲಿ ನಾನು ಚಪ್ಪಲಿ ಹಾಕಿಕೊಂಡು ಜಂಬದಿಂದ ಓಡಾಡಿದೆ. ಅಲ್ಲಿ ಒಂದು ಹೇರ್‌ಪಿನ್, ಒಂದು ಒಂಟಿ ಓಲೆ, ಯಾವುದೋ ಮಗುವಿನ ಹಾಲುಹಲ್ಲು ಸಿಕ್ಕಿದವು. ಹಾಲುಹಲ್ಲಿನ ಬಗ್ಗೆ ನನಗೆ ಖಾತ್ರಿಯಿಲ್ಲ, ಬಿಳಿ ಕಲ್ಲೂ ಇರಬಹುದು. ಕೂಗಿದರೆ ಮರುದನಿ ಬರುತ್ತಿತ್ತು. ಯಾರೂ ಇಲ್ಲದಾಗ ಏನು ಕೂಗಿದೆ ಎಂದು ಇಲ್ಲಿ ಬರೆಯುವುದಿಲ್ಲ.

ಬಿರುಕು ಮುಚ್ಚಲು ಬಂದವನು ಸೆಲ್ವ ಮೇಸ್ತ್ರಿ. ಕೈಗಿಂತ ಬಾಯಿ ಚುರುಕು. ಉಳಿ ಹಿಡಿದು ಪ್ರತಿ ಬಿರುಕನ್ನೂ ಬಾಯಿ ಅಗಲವಾಗುವಂತೆ ಕೆತ್ತಿ, ಒಳಗಿನ ಪುಡಿಯನ್ನೆಲ್ಲ ತಂತಿ ಬ್ರಷ್ಷಿನಿಂದ ಉಜ್ಜಿ ತೊಳೆದ. ಬಿರುಕು ಮುಚ್ಚುವುದಕ್ಕೆ ಮೊದಲು ಅದನ್ನು ದೊಡ್ಡದು ಮಾಡಬೇಕೆನ್ನುವುದು ನನಗೆ ವಿಚಿತ್ರವಾಗಿ ಕಂಡಿತು. ಇನ್ನೇನು ಸಿಮೆಂಟು ಕಲಸಬೇಕು, ಅಷ್ಟರಲ್ಲಿ ಚಿಕ್ಕಪ್ಪನಿಗೆ ಓಲ್ಡ್ ಟೌನಿನ ದೇವಸ್ಥಾನದ ಕಲ್ಯಾಣಿ ನೆನಪಾಯಿತು.

“ನಮ್ಮಜ್ಜ ನಿಂತು ಗಾರೆ ಹಾಕಿಸಿದ್ದು ಅದಕ್ಕೆ. ಬೆಲ್ಲ ಅರೆದು ಹಾಕಿದ್ರಂತೆ. ಇವತ್ತಿಗೂ ಸೂಜಿ ಹೋಗಲ್ಲ.”

“ಕರೆಕ್ಟು ಸಾರ್, ಬೆಲ್ಲ ಬಿದ್ರೆ ಕಲ್ಲಾಗೋಗ್ತದೆ” ಎಂದ ಸೆಲ್ವ. “ನಮ್ ಸೈಡಲ್ಲಿ ಕೋಳಿಮೊಟ್ಟೆ ಕೂಡ ಹಾಕ್ತಾರೆ. ತರ್ಲಾ?”

“ಮೊಟ್ಟೆ ಬೇಡ ಮಾರಾಯ. ಕ್ಲಬ್ಬಲ್ಲಿ ಸಸ್ಯಾಹಾರಿಗಳಿದಾರೆ, ಈಜೋದೇ ಬಿಟ್ಟಾರು. ಬೆಲ್ಲ ಸಾಕು.” ಚಿಕ್ಕಪ್ಪ ಕೊಳದೊಳಗಿನಿಂದಲೇ ಮನೆಯ ಕಡೆ ಕೂಗಿದರು: “ಸರೋಜಾ! ನೀನು ಸೈನ್ಸ್ ಓದಿದವಳು. ಸಿಮೆಂಟಿಗೆ ಬೆಲ್ಲ ಹಾಕಬಹುದಾ, ಹೇಳು.”

ಇಲ್ಲಿ ನನ್ನ ನೆನಪು ಎರಡು ದಾರಿ ಹಿಡಿಯುತ್ತದೆ. ಒಂದರಲ್ಲಿ ಚಿಕ್ಕಮ್ಮ ಸೆರಗಿಗೆ ಕೈ ಒರೆಸುತ್ತ ಬಂದು, ನಗುತ್ತ, “ನಿಮ್ಮಜ್ಜ ಹಾಕಿದಾರಲ್ಲ, ಹಾಕಿ” ಎನ್ನುತ್ತಾಳೆ. ಇನ್ನೊಂದರಲ್ಲಿ ಅವಳು ಕೊಳದ ಅಂಚಿನಲ್ಲಿ ನಿಂತು, ಕೆಳಗಿದ್ದ ಗಂಡನನ್ನು ಒಂದಷ್ಟು ಹೊತ್ತು ನೋಡಿ, ಆಮೇಲೆ ಅದೇ ಮಾತನ್ನು ನಗದೆ ಹೇಳುತ್ತಾಳೆ. ಪ್ರಭಾಕರ್ ಬಾಯಿ ಬಿಡುವವರೆಗೂ ನನಗೆ ಮೊದಲನೆಯದಷ್ಟೇ ನೆನಪಿತ್ತು. ಎರಡನೆಯದು ನಿಜಕ್ಕೂ ನಡೆದದ್ದೋ, ಸ್ಟಾಫ್ ರೂಮಿನಲ್ಲಿ ಹುಟ್ಟಿದ್ದೋ, ಹೇಳಲಾರೆ.

ಮುಂದಿನದು ಮಾತ್ರ ನನ್ನ ಕೈಗೇ ನೆನಪಿದೆ. ಅವಳು ಅಚ್ಚುಬೆಲ್ಲವನ್ನು ಕುಟ್ಟಿ, ಬಿಸಿನೀರಿನಲ್ಲಿ ಕರಗಿಸಿ, ಪಾನಕಕ್ಕೆ ಸೋಸುವ ಹಾಗೆ ಬಟ್ಟೆಯಲ್ಲಿ ಸೋಸಿದಳು. ಬಟ್ಟೆಯ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. “ಗಟ್ಟಿ ಹಿಡ್ಕೋ” ಎಂದಳು. ಹಿಡಿದುಕೊಂಡೆ. ಕೊಳ ಉಳಿಯಲು ನನ್ನದೂ ಒಂದು ಸೇವೆ ಎಂದು ನನಗೆ ಹೆಮ್ಮೆ.

ಸೆಲ್ವ ಆ ನೀರಿನಲ್ಲೇ ಸಿಮೆಂಟು ಮರಳು ಕಲಸಿ ಬಿರುಕುಗಳಿಗೆ ಒತ್ತಿ ತುಂಬಿ, ಮೇಲೆ ಒದ್ದೆ ಗೋಣಿತಾಟು ಹೊದಿಸಿದ. ಮರುದಿನ ಗೋಣಿ ಎತ್ತಿ ನೋಡಿದರೆ ಬಿರುಕು ಇದ್ದ ಕಡೆಯೆಲ್ಲ ಇರುವೆಗಳ ಸಾಲು, ಯಾರೋ ಕರಿ ಪೆನ್ಸಿಲ್ಲಿನಲ್ಲಿ ಗೆರೆ ಎಳೆದ ಹಾಗೆ. ಬಸವರಾಜಪ್ಪನವರು ಬಗ್ಗಿ ನೋಡಿ, “ಏನ್ ಮಾಸ್ಟ್ರೇ, ಈ ಸಲ ಬೇಸಿಗೆ ಶಿಬಿರ ಇರುವೆಗಳಿಗಾ?” ಎಂದರು. ಚಿಕ್ಕಪ್ಪ ಉಗುರಿನಿಂದ ಒತ್ತಿ ನೋಡಿದರು. ಉಗುರು ಇಳಿಯಿತು. ಅದರ ಮರುದಿನವೂ ಇಳಿಯಿತು. “ಸೆಕೆ ಸಾರ್, ಅದಕ್ಕೇ ಲೇಟು. ಗಾರೆ ಅಂದ್ರೆ ನಿಧಾನಾನೇ” ಎಂದ ಸೆಲ್ವ. ಚಿಕ್ಕಪ್ಪ ಆಗಾಗ ಎದ್ದು ಹೋಗಿ ಒತ್ತಿ ನೋಡಿ ಬರುತ್ತಿದ್ದರು. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವವರ ಹಾಗೆ. ಚಿಕ್ಕಮ್ಮ ಬಾಗಿಲಲ್ಲಿ ಕೂತು ಅವರೆಕಾಳೋ ಏನೋ ಬಿಡಿಸುತ್ತಿದ್ದಳು. (ಬೇಸಿಗೆಯಲ್ಲಿ ಅವರೆಕಾಳು ಎಲ್ಲಿಂದ ಬರಬೇಕು? ಬಟಾಣಿ ಇರಬೇಕು, ಅಥವಾ ಏನೂ ಇಲ್ಲ.)

ಮೇಲ್ಮೈ ಏನೋ ಒಂದಿಷ್ಟು ಒಣಗಿತು. ಬೇಸಿಗೆ ಶಿಬಿರಕ್ಕೆ ಹೆಸರು ಬರೆಸಿದ್ದ ಮಕ್ಕಳು ಟವೆಲ್ ಹೊದ್ದು ಗೇಟಿಗೆ ಜೋತುಬಿದ್ದಿದ್ದರು. ತುಂಬಿಸಿ ಎಂದರು ಸೆಕ್ರೆಟರಿ. ಚಿಕ್ಕಪ್ಪ ಪಂಪಿಗೆ ಅರಿಸಿನ ಕುಂಕುಮ ಹಚ್ಚಿ, ಹೂವೇರಿಸಿ, ಸ್ವಿಚ್ ಹಾಕಿದರು. ನೀರು ಆಳದ ಕಡೆ ಏರುತ್ತ ಹೋದಾಗ ಅವರ ಮುಖ ನೋಡಬೇಕಿತ್ತು. ತುಂಬಿದ ಕೊಳದ ಗೋಡೆಗೆ ನೀರಿನ ಮಟ್ಟದಲ್ಲಿ ಒಂದು ಗೆರೆ ಗೀಚಿ ಮಲಗಿದರು.

ಬೆಳಿಗ್ಗೆ ನಾನು ಹಲ್ಲುಜ್ಜುತ್ತ ಬರುವ ಹೊತ್ತಿಗೆ ಅವರು ಅಂಚಿನಲ್ಲಿ ಕೂತಿದ್ದರು. ನೀರು ಗೆರೆಯ ಕೆಳಗೆ ಹೋಗಿತ್ತು, ಮೊದಲಿಗಿಂತಲೂ ಹೆಚ್ಚು. ತಳದಲ್ಲಿ ನೆನೆದ ರೊಟ್ಟಿಯ ಚೂರಿನಂಥವು ಬಿದ್ದಿದ್ದವು. ಬನಿಯನ್ನಿನಲ್ಲೇ ಧುಮುಕಿ, ಮುಳುಗಿ, ಮೇಲೆದ್ದು ಮುಷ್ಟಿ ಬಿಚ್ಚಿದರು. ಬೂದು ಬಣ್ಣದ ಕೆಸರು ಬೆರಳ ಸಂದಿಯಿಂದ ಜಾರಿಹೋಯಿತು.

“ಮರಳು ಸರಿಯಿಲ್ಲ” ಎಂದರು. “ಹೊಳೆ ಮರಳಲ್ಲಿ ಮಣ್ಣಿತ್ತು ಅಂತ ಕಾಣುತ್ತೆ. ನಾನು ತೊಳೆಸಬೇಕಿತ್ತು.”

ಚಿಕ್ಕಮ್ಮ ಟವೆಲ್ ಕೊಟ್ಟಳು. “ತಲೆ ಒರೆಸ್ಕೊಳ್ರೀ, ಶೀತ ಆಗುತ್ತೆ” ಎಂದಳು. ಬೆಲ್ಲದ ಹೆಸರನ್ನು ಯಾರೂ ಎತ್ತಲಿಲ್ಲ.

ಎರಡನೇ ಪ್ರಯತ್ನಕ್ಕೆ ಕಮಿಟಿಯವರು ಒಪ್ಪಲಿಲ್ಲ. ಜೂನಿಗೆ ಮೊದಲೇ ಚಿಕ್ಕಪ್ಪ ಚಿಕ್ಕಮ್ಮ ಮೈಸೂರಿಗೆ ಹೊರಟರು. ಲಾರಿಯ ಮುಂದಿನ ಸೀಟಿನಲ್ಲಿ ಚಿಕ್ಕಮ್ಮ ಮಡಿಲಲ್ಲಿ ಗಾಜಿನ ನಳಿಗೆಗಳ ಡಬ್ಬಿ ಇಟ್ಟುಕೊಂಡಿದ್ದಳು. “ರಜಕ್ಕೆ ಬಾ, ಆಯ್ತಾ? ಅಪ್ಪನ್ನ ನೋಡ್ಕೋ” ಎಂದಳು. ಅಮ್ಮನ ದನಿ ಆಮೇಲೆ ನನಗೆ ಕೇಳಿಸಿದ್ದು ವರ್ಷಕ್ಕೊಮ್ಮೆ, ಅದೂ ಬಹಳ ದಿನ ಎಸ್‌ಟಿಡಿ ಬೂತಿನ ಗಾಜಿನ ಪೆಟ್ಟಿಗೆಯೊಳಗೆ ನಿಂತು. ಮೊದಲ ಒಂದೆರಡು ಶನಿವಾರ ಅಭ್ಯಾಸಬಲದಿಂದ ಬಸ್ ನಿಲ್ದಾಣಕ್ಕೆ ನಡೆದುಹೋದೆ. ಭದ್ರಾವತಿ, ಭದ್ರಾವತಿ ಎಂದು ಕಂಡಕ್ಟರ್ ಕೂಗುವುದನ್ನು ಕೇಳಿ, ಒಂದು ಪೊಟ್ಟಣ ಕಡಲೆಕಾಯಿ ಕೊಂಡು, ಸಿಪ್ಪೆ ಬಿಡಿಸುತ್ತ ವಾಪಸು ಬಂದೆ. ಅಪ್ಪ ‘ಊಟ ಆಯ್ತಾ?’ ಎಂದರು. ಈಗ ಆ ಪ್ರಶ್ನೆ ಕೇಳುವವರೂ ಇಲ್ಲ. ಹೊಸಮನೆಯ ಮನೆಯಲ್ಲಿ ನಾನು, ಗೋಡೆ ಗಡಿಯಾರ. ಗಡಿಯಾರ ನಿಂತರೆ ನಾನು ಬ್ಯಾಟರಿ ಹಾಕುತ್ತೇನೆ.

ಚಿಕ್ಕಮ್ಮ ಮೈಸೂರಿನಲ್ಲಿ ಲ್ಯಾಬಿಗೆ ಸೇರಿ, ಬಿ.ಎಡ್. ಮಾಡಿ, ಟೀಚರ್ ಆದಳು. ಹೋದಾಗೆಲ್ಲ ಅವಳ ನಡಿಗೆ ಇನ್ನಷ್ಟು ಚುರುಕಾಗಿರುವುದನ್ನು ಕಂಡಿದ್ದೇನೆ. ಬೀದಿಯ ಮಕ್ಕಳು “ನಮಸ್ತೆ ಮಿಸ್” ಎನ್ನುತ್ತಾರೆ, ಅವಳು ಕತ್ತು ನೆಟ್ಟಗೆ ಮಾಡಿಕೊಂಡು ನಗುತ್ತಾಳೆ. ಚಿಕ್ಕಪ್ಪ ಅಂಗಡಿಯಲ್ಲಿ ಕೂತು ದಪ್ಪಗಾದರು. ಅಲ್ಲಿಯೂ ಈಜುಕೊಳಗಳಿವೆ. ಹೋಗಲಿಲ್ಲ. ಈಗಲೂ ಗಿರಾಕಿ ಇಲ್ಲದಾಗ ಯಾರಾದರೂ ಸಿಕ್ಕರೆ ಹೊಳೆ ಮರಳನ್ನು ಹೇಗೆ ತೊಳೆಯಬೇಕೆಂದು ವಿವರಿಸುತ್ತಾರೆ. ಅದನ್ನು ಕೇಳುವಾಗ ಚಿಕ್ಕಮ್ಮ ಒಳಗೆ ಎದ್ದು ಹೋಗುತ್ತಾಳೋ, ಅಥವಾ ಒಂದು ಸಲ ಹಾಗೆ ಹೋದದ್ದನ್ನೇ ನಾನು ಯಾವಾಗಲೂ ಎಂದು ಮಾಡಿಕೊಂಡಿದ್ದೇನೋ.

ಸ್ಟಾಫ್ ರೂಮಿನ ಆ ಚಹಾ ಆದ ವಾರದಲ್ಲಿ ನನಗೆ ಇನ್ನೊಂದು ನೆನಪು ಬಂತು. ಕುಂಸಿಯ ಅಜ್ಜ, ಅಂದರೆ ಅಮ್ಮನ ಮತ್ತು ಚಿಕ್ಕಮ್ಮನ ಅಪ್ಪ, ಮೋರಿ ಸೇತುವೆ, ಶಾಲೆಯ ಕಾಂಪೌಂಡು ಕಟ್ಟಿಸುವ ಕಂಟ್ರಾಕ್ಟು ಮಾಡುತ್ತಿದ್ದರು. ಸಿಮೆಂಟು ಕಲಸುವ ಜಾಗಕ್ಕೆ ಮಕ್ಕಳು ತಿಂಡಿ ಹಿಡಿದು ಬಂದರೆ ಕೋಲು ಹಿಡಿದು ಓಡಿಸುತ್ತಿದ್ದರಂತೆ. “ಸರೋಜ ಒಂದ್ಸಲ ಕಲಸಿದ್ದರೊಳಗೆ ಬೆಲ್ಲದುಂಡೆ ಬೀಳಿಸಿ ಬಾರಿಸಿಕೊಂಡಿದ್ಳು” ಎಂದು ಅಮ್ಮ ನನಗೆ ತಲೆ ಬಾಚುತ್ತ ಹೇಳಿ ನಕ್ಕ ಹಾಗೆ ನೆನಪು. ಇದು ಅಮ್ಮ ಹೇಳಿದ್ದೇ, ಅಥವಾ ಬೇಕೆಂದಾಗ ಬೇಕಾದ ಆಧಾರವನ್ನು ನನ್ನ ತಲೆ ತಾನೇ ತಯಾರಿಸಿಕೊಟ್ಟಿತೇ? ಅಮ್ಮನನ್ನು ಕೇಳುವಂತಿಲ್ಲ. ವಿದ್ಯಾರ್ಥಿಯೊಬ್ಬ ಹೀಗೆ ಬರೆದಿದ್ದರೆ ಕೆಂಪು ಶಾಯಿ ಹಾಕುತ್ತಿದ್ದೆ.

ಗೊತ್ತಿದ್ದೇ ಚಿಕ್ಕಮ್ಮ ಹಾಗೆ ಮಾಡಿದ್ದರೂ ಅದು ತಪ್ಪೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಎಷ್ಟು ವರ್ಷ ಒಬ್ಬ ಹೆಂಗಸು ನೀರಿಗೆ ಹನಿ ಬಿಟ್ಟು ಹಳದಿ ನೋಡುತ್ತ ಕೂರಬೇಕು? ನನ್ನನ್ನು ಕಾಡುವುದು ಬೇರೆ. ಬಟ್ಟೆಯ ಎರಡು ತುದಿ ಹಿಡಿದು ಬೆಲ್ಲ ಸೋಸುವಾಗ ಎದುರಿಗಿದ್ದ ಹುಡುಗಿಯ ಶನಿವಾರಗಳು ಅವಳ ಮನಸ್ಸಿಗೆ ಬಂದಿದ್ದವೇ? ಬಂದಿದ್ದರೆ, ಬಂದೂ ಸೋಸಿದಳೇ? ಏನೂ ಗೊತ್ತಿರಲಿಲ್ಲ ಎಂದು ಅವಳು ಒಂದು ಮಾತು ಹೇಳಿಬಿಟ್ಟರೆ ನನಗೆ ಸಾಕು.

ಹೋದ ಭಾನುವಾರ ಫೋನು ಮಾಡಿದೆ. ಇಲ್ಲಿಯ ಬಿಸಿಲು, ಅಲ್ಲಿಯ ಪರೀಕ್ಷೆಗಳು, ಅವಳ ಮಂಡಿನೋವು ಎಲ್ಲ ಆಯಿತು. ಆಮೇಲೆ ಹೇಳಿದೆ: “ಚಿಕ್ಕಮ್ಮ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಆವತ್ತು ಕೊಳಕ್ಕೆ ಅಂತ ಬೆಲ್ಲ ಕರಗಿಸ್ಕೊಟ್ಯಲ್ಲ, ಅದು ಬಿದ್ರೆ ಸಿಮೆಂಟು ಕಚ್ಚಲ್ಲ ಅಂತ ನಿಂಗೆ ಗೊತ್ತಿತ್ತಾ?”

ಆ ಕಡೆ ಕುಕ್ಕರ್ ಒಂದು ಸಲ ಕೂಗಿತು. “ಯಾರೇ ಅದು ಫೋನಲ್ಲಿ?” ಎಂದು ಚಿಕ್ಕ‌ಪ್ಪನ ದನಿ ಕೇಳಿಸಿತು. “ವಿಜಿ. ನಿಮ್ಮ ಹತ್ರ ಮಾತಾಡ್ಬೇಕಂತೆ” ಎಂದಳು. ನಾನು ಹಾಗೆ ಹೇಳಿರಲಿಲ್ಲ. ಇದನ್ನು ಬರೆಯುವ ಹೊತ್ತಿಗೂ ಅವಳಿಂದ ಉತ್ತರ ಬಂದಿಲ್ಲ.

“ಏನ್ ಮಾರಾಯ್ತಿ, ಹ್ಯಾಗಿದೀಯ?” ಎಂದರು ಚಿಕ್ಕಪ್ಪ. “ಅಲ್ಲ, ನಿನ್ನ ಚಿಕ್ಕಮ್ಮ ಯಾಕೆ ಹಾಗೆ ಹಿತ್ತಲಿಗೆ ಹೋದ್ಳು? ಏನ್ ಕೇಳ್ದೆ ಅವಳನ್ನ?”

“ಅಲ್ಲಿ ಮಳೆ ಬಂತಾ ಅಂತ ಕೇಳ್ದೆ ಚಿಕ್ಕಪ್ಪ” ಎಂದೆ.